ಪೆಟ್ರೋಲಿನ ಬೆಲೆಯೂ ಬದಲಿ ಇಂಧನದ ಲೆಕ್ಕವೂ

ಅಕ್ಕಿ, ಬೇಳೆ, ಅಡುಗೆ ಎಣ್ಣೆಗಳ ಧಾರಣೆಯಂತೆಯೇ ಪೆಟ್ರೋಲಿನ ಧಾರಣೆಯೂ ಇಂದು ಗೃಹಕೃತ್ಯದ ವಿಷಯವಾಗಿದೆ. ಒಂದು ಕಾಲಕ್ಕೆ ಮೋಟಾರು ಇಟ್ಟುಕೊಂಡ ಕೆಲವೇ ಶ್ರೀಮಂತರು ಯೋಚಿಸಬೇಕಾಗಿದ್ದ ಈ ಸಂಗತಿ ಪುಣೆಯಂಥ ನಗರದಲ್ಲಿ ಪ್ರತಿಯೊಂದು ಮನೆಯ ತಿಂಗಳ ಜಮಾಖರ್ಚಿನಲ್ಲಿ ಸ್ಥಾನ ಪಡೆದಿದೆ. ಹಿಂದೆ ಸೈಕಲ್ಲುಗಳ ಊರೆಂದು ಖ್ಯಾತವಾಗಿದ್ದ ಪುಣೆ, ಆಕುರ್ಡಿಯ ಬಜಾಜ್ ಕಾರ್ಖಾನೆಯಿಂದ 1972ರಲ್ಲಿ ಚೇತಕ್ ಸ್ಕೂಟರು ಹೊರಬಂದ ಮೇಲೆ ಕ್ರಮೇಣ ಸ್ಕೂಟರುಗಳ ಊರಾಯಿತು. ಕೋಥರೂಡಿನಿಂದ ಹಿಂಜೆವಾಡಿಗೆ, ಹಡಪಸರದಿಂದ ಚಿಂಚವಡಕ್ಕೆ ದಿನವೂ ಹೋಗಿಬರುವ ಸಹಸ್ರಾರು ಜನರಲ್ಲಿ ಬೆಳಗಾವಿ, ವಿಜಯಪುರ, ಕಲಬುರಗಿ, ಧಾರವಾಡ, ಉಡುಪಿ ಮುಂತಾದ ಕಡೆಗಳಿಂದ ಬಂದು ನೆಲೆಸಿದ ಕನ್ನಡಿಗರೂ ಇದ್ದಾರೆ. ಇವರ ಪಾಲಿಗೆ ವಾಹನವು ವಿಲಾಸದ ವಸ್ತುವಾಗಿರದೆ ಅನ್ನ ಸಂಪಾದನೆಯ ಸಾಧನವೇ ಆಗಿದೆ.

ಪೆಟ್ರೋಲಿನ ಬೆಲೆ ಏರಿದಾಗಲೆಲ್ಲ ಎರಡು ಪ್ರಶ್ನೆಗಳು ಕೇಳಿಬರುತ್ತವೆ. ಈ ಏರಿಕೆ ಏತಕ್ಕೆ? ಇದರ ಬದಲಿಗೆ ಬೇರೊಂದು ಇಂಧನವಿಲ್ಲವೆ? ಮೊದಲನೆಯ ಪ್ರಶ್ನೆಗೆ ಕೋಪದ ಉತ್ತರಗಳೂ ಎರಡನೆಯದಕ್ಕೆ ಆಸೆಯ ಉತ್ತರಗಳೂ ಹೇರಳವಾಗಿ ದೊರೆಯುತ್ತವೆ. ಈ ಎರಡನ್ನೂ ತುಸು ಬದಿಗಿರಿಸಿ, ಲೆಕ್ಕದ ಪುಸ್ತಕವನ್ನು ತೆರೆದು ನೋಡುವುದು ಈ ಲೇಖನದ ಉದ್ದೇಶ.

ಬೆಲೆ ರೂಪುಗೊಳ್ಳುವ ಬಗೆ

ಭಾರತವು ತನಗೆ ಬೇಕಾದ ಕಚ್ಚಾ ತೈಲದಲ್ಲಿ ಶೇಕಡಾ 85ಕ್ಕಿಂತ ಹೆಚ್ಚು ಭಾಗವನ್ನು ಹೊರದೇಶಗಳಿಂದ ತರಿಸುತ್ತದೆ. ತೈಲವನ್ನು ಪೀಪಾಯಿಯ ಲೆಕ್ಕದಲ್ಲಿ ಕೊಳ್ಳುವುದು ವಾಡಿಕೆ. ಒಂದು ಪೀಪಾಯಿಯೆಂದರೆ ಸುಮಾರು 159 ಲೀಟರು. ಬೆಲೆಯನ್ನು ಡಾಲರಿನಲ್ಲಿ ತೆರಬೇಕಾದುದರಿಂದ ತೈಲದ ಧಾರಣೆ ಸ್ಥಿರವಾಗಿದ್ದರೂ ಡಾಲರಿನೆದುರು ರೂಪಾಯಿ ಕುಸಿದರೆ ಖರ್ಚು ಏರುತ್ತದೆ. 1973ರಲ್ಲಿ ಪಶ್ಚಿಮ ಏಷ್ಯಾದ ಯುದ್ಧದ ತರುವಾಯ ತೈಲೋತ್ಪಾದಕ ರಾಷ್ಟ್ರಗಳು ಬೆಲೆಯನ್ನು ಕೆಲವೇ ತಿಂಗಳುಗಳಲ್ಲಿ ಸುಮಾರು ನಾಲ್ಕು ಪಟ್ಟು ಏರಿಸಿದಾಗ ಭಾರತಕ್ಕೆ ಈ ಪರಾವಲಂಬನೆಯ ಮೊದಲ ಪೆಟ್ಟು ಬಿದ್ದಿತು. ಆ ವರ್ಷದ ನವೆಂಬರಿನಲ್ಲಿ ಅಟಲ್ ಬಿಹಾರಿ ವಾಜಪೇಯಿಯವರು ಪೆಟ್ರೋಲು ಮತ್ತು ಸೀಮೆಎಣ್ಣೆಯ ಬೆಲೆಯೇರಿಕೆಯನ್ನು ಪ್ರತಿಭಟಿಸಿ ಎತ್ತಿನ ಗಾಡಿಯಲ್ಲಿ ಸಂಸತ್ತಿಗೆ ಹೋದರು. 1979ರಲ್ಲಿ ಇರಾನಿನ ಕ್ರಾಂತಿ, 1990ರಲ್ಲಿ ಕೊಲ್ಲಿಯ ಬಿಕ್ಕಟ್ಟು, 2022ರಲ್ಲಿ ಯುಕ್ರೇನಿನ ಯುದ್ಧ ಇವೆಲ್ಲವೂ ಅದೇ ಪಾಠವನ್ನು ಮತ್ತೆ ಮತ್ತೆ ಕಲಿಸಿದವು.

ಆದರೆ ಬಂಕಿನಲ್ಲಿ ತೆರುವ ಹಣವೆಲ್ಲ ತೈಲ ಬಾವಿಯ ಒಡೆಯನಿಗೆ ಸಲ್ಲುವುದಿಲ್ಲ. ಕಚ್ಚಾ ತೈಲದ ಬೆಲೆ, ಶುದ್ಧೀಕರಣ ಮತ್ತು ಸಾಗಣೆಯ ವೆಚ್ಚ, ಕೇಂದ್ರ ಸರ್ಕಾರದ ಅಬಕಾರಿ ಸುಂಕ, ಬಂಕಿನವರ ಕಮಿಷನ್, ರಾಜ್ಯ ಸರ್ಕಾರದ ಮಾರಾಟ ತೆರಿಗೆ ಇವಿಷ್ಟೂ ಕೂಡಿ ಒಂದು ಲೀಟರಿನ ಬೆಲೆಯಾಗುತ್ತದೆ. ಪೆಟ್ರೋಲಿನ ಮೇಲಿನ ಕೇಂದ್ರ ಅಬಕಾರಿ ಸುಂಕವು 2014ರಲ್ಲಿ ಲೀಟರಿಗೆ ರೂ. 9.48 ಇದ್ದುದು 2020ರ ಮೇ ತಿಂಗಳಲ್ಲಿ ರೂ. 32.98ಕ್ಕೆ ಏರಿತು. ಅದೇ 2020ರ ಏಪ್ರಿಲಿನಲ್ಲಿ ಕೋವಿಡ್ ಪಿಡುಗಿನಿಂದ ಲೋಕದ ಸಂಚಾರವೆಲ್ಲ ಸ್ತಬ್ಧವಾಗಿ, ಅಮೆರಿಕದ ಮಾರುಕಟ್ಟೆಯಲ್ಲಿ ಒಂದು ದಿನ ತೈಲದ ಬೆಲೆ ಸೊನ್ನೆಗಿಂತಲೂ ಕೆಳಗಿಳಿದಿತ್ತು. ತೈಲ ಅಗ್ಗವಾದರೂ ಬಂಕಿನ ಬೆಲೆ ಇಳಿಯದಿದ್ದುದರ ಕಾರಣ ಇಲ್ಲಿದೆ: ಇಳಿದ ಬೆಲೆಯ ಜಾಗವನ್ನು ಸುಂಕ ತುಂಬಿತು. ಅನಂತರ ತೈಲದ ಬೆಲೆ ಚೇತರಿಸಿಕೊಂಡಾಗ ಸುಂಕವು ಹಾಗೆಯೇ ಉಳಿದು, 2021ರ ಮಧ್ಯಭಾಗದಲ್ಲಿ ಪುಣೆಯಲ್ಲಿ ಪೆಟ್ರೋಲು ಲೀಟರಿಗೆ ರೂ. 100ರ ಗಡಿಯನ್ನು ದಾಟಿತು. 2021ರ ನವೆಂಬರಿನಲ್ಲಿ ರೂ. 5, 2022ರ ಮೇ ತಿಂಗಳಲ್ಲಿ ರೂ. 8ರಂತೆ ಕೇಂದ್ರವು ಸುಂಕವನ್ನು ತಗ್ಗಿಸಿತು.

ರಾಜ್ಯದ ತೆರಿಗೆಯ ಕ್ರಮವು ಇನ್ನೊಂದು ಬಗೆಯದು. ಅದನ್ನು ಬಹುಮಟ್ಟಿಗೆ ಶೇಕಡಾವಾರಿನಲ್ಲಿ, ಅಬಕಾರಿ ಸುಂಕವನ್ನೂ ಒಳಗೊಂಡ ಬೆಲೆಯ ಮೇಲೆ ಹಾಕಲಾಗುತ್ತದೆ. ಎಂದರೆ ಇದು ತೆರಿಗೆಯ ಮೇಲಿನ ತೆರಿಗೆ. ಮಹಾರಾಷ್ಟ್ರವು 2022ರ ಜುಲೈಯಲ್ಲಿ ಪೆಟ್ರೋಲಿನ ತೆರಿಗೆಯನ್ನು ಲೀಟರಿಗೆ ರೂ. 5ರಷ್ಟು ಇಳಿಸಿದ ತರುವಾಯ ಪುಣೆಗೆ ಅನ್ವಯಿಸಿದ ದರ ಶೇಕಡಾ 25 ಮತ್ತು ಅದರ ಮೇಲೆ ಲೀಟರಿಗೆ ರೂ. 5.12. ಕರ್ನಾಟಕವು 2024ರ ಜೂನಿನಲ್ಲಿ ತನ್ನ ದರವನ್ನು ಶೇಕಡಾ 25.92ರಿಂದ 29.84ಕ್ಕೆ ಏರಿಸಿತು. 2017ರಲ್ಲಿ ಜಾರಿಗೆ ಬಂದ ಸರಕು ಮತ್ತು ಸೇವಾ ತೆರಿಗೆಯಿಂದ ಪೆಟ್ರೋಲನ್ನು ಹೊರಗಿರಿಸಿದ್ದರಿಂದಲೇ ರಾಜ್ಯ ರಾಜ್ಯಕ್ಕೂ ಬೆಲೆಯಲ್ಲಿ ಈ ಅಂತರ.

ಊರಿಗೆ ಹೋಗುವ ಪುಣೆಯ ಕನ್ನಡಿಗರಿಗೆ ಈ ಅಂತರವು ಪರಿಚಿತ. ಕೊಲ್ಹಾಪುರವನ್ನು ದಾಟಿ ಕೋಗನೊಳ್ಳಿಯ ಗಡಿ ತಲುಪುವವರೆಗೆ ಟ್ಯಾಂಕನ್ನು ಬರಿದಾಗಿಯೇ ಇರಿಸಿಕೊಂಡು, ನಿಪ್ಪಾಣಿಯ ಕಡೆ ತುಂಬಿಸಿಕೊಳ್ಳುವ ಪದ್ಧತಿ ಹಲವರದು. 2021ರ ನವೆಂಬರಿನಲ್ಲಿ ಕರ್ನಾಟಕವು ತನ್ನ ತೆರಿಗೆಯನ್ನೂ ಲೀಟರಿಗೆ ರೂ. 7ರಷ್ಟು ಇಳಿಸಿದಾಗ ಇದರಿಂದ ನಿಜವಾದ ಲಾಭವಿತ್ತು. ಆದರೆ ಅಂತರವು ಎರಡು ರೂಪಾಯಿಗೆ ಇಳಿದರೆ 35 ಲೀಟರಿನ ಟ್ಯಾಂಕಿಗೆ ಉಳಿಯುವುದು ಕೇವಲ 70 ರೂಪಾಯಿ. ದಾರಿಯಲ್ಲಿ ಒಂದು ಚಹಾ ಫಳಾರಕ್ಕೂ ಸಾಲದ ಈ ಹಣಕ್ಕಾಗಿ ಘಟ್ಟದ ದಾರಿಯಲ್ಲಿ ಬರಿದಾದ ಟ್ಯಾಂಕಿನೊಡನೆ ಪ್ರಯಾಣಿಸುವುದು ಜಾಣತನವೆನ್ನಲಾಗದು. ಲೀಟರಿನ ಬೆಲೆಯನ್ನೇ ದಿಟ್ಟಿಸಿ ನೋಡುವುದರಿಂದ ಲೆಕ್ಕ ಹೇಗೆ ದಾರಿತಪ್ಪುತ್ತದೆಂಬುದಕ್ಕೆ ಇದೊಂದು ಚಿಕ್ಕ ನಿದರ್ಶನ.

ಇದ್ದಿಲಿನ ಬಸ್ಸು ಕಲಿಸಿದ ಪಾಠ

ಬದಲಿ ಇಂಧನದ ವಿಚಾರ ಕನ್ನಡನಾಡಿಗೆ ಹೊಸದೇನಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ ಮೈಸೂರು ಸೀಮೆ, ಮಲೆನಾಡು, ಕರಾವಳಿಗಳಲ್ಲಿ ಬಸ್ಸುಗಳು ಇದ್ದಿಲಿನ ಅನಿಲದಿಂದ ಓಡಿದವು. ಹಿರಿಯರ ಬಾಯಲ್ಲಿ ಅವು 'ಇದ್ದಿಲು ಬಸ್ಸು', 'ಗ್ಯಾಸ್ ಬಸ್ಸು'ಗಳೆಂದು ಉಳಿದಿವೆ. ಬಸ್ಸಿನ ಹಿಂಬದಿಗೆ ಉದ್ದನೆಯ ಕಬ್ಬಿಣದ ಒಲೆಯೊಂದನ್ನು ಜೋಡಿಸಿ ಅದರಲ್ಲಿ ಇದ್ದಿಲು ತುಂಬಿ ಹೊತ್ತಿಸುತ್ತಿದ್ದರು. ಗಾಳಿಯನ್ನು ಮಿತವಾಗಿ ಬಿಟ್ಟಾಗ ಇದ್ದಿಲು ಪೂರ್ತಿಯಾಗಿ ಉರಿಯದೆ ಕಾರ್ಬನ್ ಮಾನಾಕ್ಸೈಡ್ ಎಂಬ ದಹ್ಯ ಅನಿಲವಾಗುತ್ತದೆ. ಅದನ್ನು ಸೋಸಿ, ತಣಿಸಿ ಎಂಜಿನ್ನಿಗೆ ಕಳುಹಿಸಿದರೆ ಅದು ಪೆಟ್ರೋಲಿನ ಆವಿಯಂತೆ ಉರಿದು ಚಕ್ರವನ್ನು ತಿರುಗಿಸುತ್ತದೆ. ಹೊರಡುವುದಕ್ಕೆ ಬಹಳ ಮುಂಚೆಯೇ ಬಸ್ಸಿನ ಆಳು ಗಾಳಿಯ ತಿದಿಯ ಹಿಡಿಯನ್ನು ತಿರುಗಿಸುತ್ತ ಒಲೆಯನ್ನು ಸಿದ್ಧಗೊಳಿಸಬೇಕಾಗಿತ್ತು. ಎಂಜಿನ್ನಿನ ಶಕ್ತಿಯಲ್ಲಿ ಮೂರನೆಯ ಒಂದು ಪಾಲೋ ಅದಕ್ಕಿಂತ ಹೆಚ್ಚೋ ಕುಗ್ಗುತ್ತಿದ್ದುದರಿಂದ ಏರುದಾರಿಯಲ್ಲಿ ಪ್ರಯಾಣಿಕರು ಕೆಳಗಿಳಿದು ನಡೆಯುವುದೂ ನೂಕುವುದೂ ಸಾಮಾನ್ಯವಾಗಿತ್ತು.

ಯುದ್ಧ ಮುಗಿದು ಪೆಟ್ರೋಲು ಮರಳಿ ದೊರೆಯಲಾರಂಭಿಸಿದೊಡನೆ ಇದ್ದಿಲು ಬಸ್ಸುಗಳು ಮಾಯವಾದವು. ಇದ್ದಿಲು ಅಗ್ಗವಾಗಿಯೇ ಇತ್ತು. ಆದರೆ ಅದರೊಡನೆ ಬಂದ ಸಮಯ, ಶ್ರಮ, ಮಸಿ, ವಿಷಾನಿಲದ ಭಯ ಇವುಗಳ ಬೆಲೆಯನ್ನು ಕೂಡಿಸಿದಾಗ ಅದು ದುಬಾರಿಯಾಗಿತ್ತು. ಆದರೂ ಆ ವಿದ್ಯೆ ವ್ಯರ್ಥವಾಗಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಅದೇ ತತ್ತ್ವವನ್ನು ಸುಧಾರಿಸಿ, 1980ರ ದಶಕದ ಕೊನೆಯಲ್ಲಿ ತುಮಕೂರು ಜಿಲ್ಲೆಯ ಹೊಸಹಳ್ಳಿಯೆಂಬ ಗ್ರಾಮಕ್ಕೆ ಕಟ್ಟಿಗೆಯ ಅನಿಲದಿಂದ ವಿದ್ಯುತ್ತನ್ನು ಒದಗಿಸಿದರು. ಅದೇ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ಹೊಂಗೆ ಎಣ್ಣೆಯಿಂದ ಡೀಸೆಲ್ ಎಂಜಿನ್ನುಗಳನ್ನು ಓಡಿಸಿ, ಹಳ್ಳಿಯ ಜನ ದೀಪಕ್ಕೆ ಬಳಸುತ್ತಿದ್ದ ಎಣ್ಣೆ ನೀರೆತ್ತುವುದಕ್ಕೂ ಆದೀತೆಂದು ತೋರಿಸಿಕೊಟ್ಟರು. ಡೀಸೆಲ್ ಎಂಜಿನ್ನು ಸಸ್ಯತೈಲದಿಂದ ಓಡಬಲ್ಲುದೆಂಬುದು 1900ರ ಪ್ಯಾರಿಸ್ ಪ್ರದರ್ಶನದಲ್ಲೇ ಕಡಲೆಕಾಯಿ ಎಣ್ಣೆಯಿಂದ ಸಿದ್ಧವಾಗಿದ್ದ ಸಂಗತಿ. ಆದರೆ ಹಳ್ಳಿಯೊಂದರ ಪಂಪಿಗೆ ಸಾಲುವ ಹೊಂಗೆ ಬೀಜ ಮಹಾನಗರದ ಲಕ್ಷಾಂತರ ವಾಹನಗಳಿಗೆ ಸಾಲದು. ಇಂಧನವು ಒಳ್ಳೆಯದಾಗಿದ್ದರೆ ಸಾಲದು, ಬೇಕಾದಷ್ಟು ದೊರೆಯಲೂಬೇಕು. ಈ ಎರಡು ಪಾಠಗಳನ್ನು ಮನಸ್ಸಿನಲ್ಲಿರಿಸಿಕೊಂಡು ಇಂದಿನ ಬದಲಿ ಇಂಧನಗಳನ್ನು ಪರಿಶೀಲಿಸಬಹುದು.

ಕಬ್ಬಿನಿಂದ ಬಂದ ಎಥನಾಲ್

ಎಥನಾಲ್ ಎಂಬುದು ಒಂದು ಬಗೆಯ ಮದ್ಯಸಾರ. ಸಕ್ಕರೆ ಕಾರ್ಖಾನೆಯ ಕಾಕಂಬಿ, ಕಬ್ಬಿನ ಹಾಲು, ಮೆಕ್ಕೆಜೋಳ, ಅಕ್ಕಿಯ ನುಚ್ಚು ಇವುಗಳನ್ನು ಹುದುಗಿಸಿ ಬಟ್ಟಿಯಿಳಿಸಿ ಇದನ್ನು ತಯಾರಿಸುತ್ತಾರೆ. ಇದರ ಯಂತ್ರಸ್ಥಾವರಗಳನ್ನು ನಿರ್ಮಿಸುವ ಉದ್ಯಮಗಳಲ್ಲಿ ಹೆಸರಾದ ಪ್ರಾಜ್ ಸಂಸ್ಥೆ ಪುಣೆಯದೇ. ಪೆಟ್ರೋಲಿನಲ್ಲಿ ಎಥನಾಲ್ ಬೆರೆಸುವ ಕಾರ್ಯಕ್ರಮವು 2003ರಲ್ಲಿ ಶೇಕಡಾ 5ರ ಗುರಿಯೊಡನೆ ಆರಂಭವಾಗಿ ಬಹುಕಾಲ ಕುಂಟುತ್ತ ಸಾಗಿತು. 2022ರ ಜೂನಿನಲ್ಲಿ ದೇಶದ ಸರಾಸರಿ ಶೇಕಡಾ 10ನ್ನು ಮುಟ್ಟಿತು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ನಡೆದ ಸಮಾರಂಭದಲ್ಲಿ ಶೇಕಡಾ 20ರ ಮಿಶ್ರಣದ ಮಾರಾಟಕ್ಕೆ ಚಾಲನೆ ದೊರೆಯಿತು; 2025ರ ವೇಳೆಗೆ ಆ ಪ್ರಮಾಣ ದೇಶದಾದ್ಯಂತ ಬಳಕೆಗೆ ಬಂದಿತು. ಹೀಗಾಗಿ ವಾಹನ ಉಳ್ಳವರೆಲ್ಲ ತಮಗೆ ತಿಳಿದೋ ತಿಳಿಯದೆಯೋ ಬದಲಿ ಇಂಧನದ ಬಳಕೆದಾರರೇ ಆಗಿದ್ದಾರೆ.

ಇದರಿಂದ ದೇಶದ ವಿದೇಶೀ ವಿನಿಮಯ ಉಳಿಯುತ್ತದೆ, ಕಬ್ಬು ಬೆಳೆಗಾರರಿಗೆ ಹಣ ಬೇಗ ಸಲ್ಲುತ್ತದೆ ಎಂಬುದು ನಿಜ. ಆದರೆ ಗ್ರಾಹಕನ ಲೆಕ್ಕ ಬೇರೆ. ಒಂದು ಲೀಟರು ಎಥನಾಲಿನಲ್ಲಿರುವ ಶಕ್ತಿಯು ಒಂದು ಲೀಟರು ಪೆಟ್ರೋಲಿನ ಶಕ್ತಿಯ ಸುಮಾರು ಮೂರನೆಯ ಎರಡು ಪಾಲು ಮಾತ್ರ. ಐದನೆಯ ಒಂದು ಭಾಗ ಎಥನಾಲ್ ಬೆರೆತಾಗ ಲೀಟರಿನ ಒಟ್ಟು ಶಕ್ತಿಯಲ್ಲಿ ಹದಿನೈದನೆಯ ಒಂದು ಭಾಗ, ಅಂದರೆ ಶೇಕಡಾ 6ರಿಂದ 7ರಷ್ಟು ಕಡಿಮೆಯಾಗುತ್ತದೆ. ನೀತಿ ಆಯೋಗದ 2021ರ ವರದಿಯು ಹಳೆಯ ಇಂಧನಕ್ಕೆಂದು ರಚಿತವಾದ ಕಾರುಗಳಲ್ಲಿ ಮೈಲೇಜು ಶೇಕಡಾ 6-7ರಷ್ಟು, ಅಂಥ ದ್ವಿಚಕ್ರ ವಾಹನಗಳಲ್ಲಿ ಶೇಕಡಾ 3-4ರಷ್ಟು ಕುಗ್ಗಬಹುದೆಂದು ಅಂದಾಜು ಮಾಡಿತ್ತು. ಹೊಸ ಮಿಶ್ರಣಕ್ಕೆ ಹೊಂದಿಸಿದ ಕಾರುಗಳಲ್ಲಿ ಈ ನಷ್ಟ ಶೇಕಡಾ 1-2 ಮಾತ್ರ. ಹಳೆಯ ವಾಹನದ ರಬ್ಬರಿನ ಕೊಳವೆ ಹಾಗೂ ವಾಷರುಗಳನ್ನು ಎಥನಾಲ್ ಬೇಗ ಸವೆಸಬಲ್ಲುದು. ಆದುದರಿಂದ ಹತ್ತು ಹದಿನೈದು ವರ್ಷದ ಸ್ಕೂಟರು ಉಳ್ಳವರು ವರ್ಷಕ್ಕೊಮ್ಮೆಯಾದರೂ ಈ ಭಾಗಗಳನ್ನು ತೋರಿಸಿ ಬದಲಾಯಿಸಿಕೊಳ್ಳುವುದು ಲೇಸು.

ಇನ್ನೊಂದು ವೆಚ್ಚವು ಬಂಕಿನ ಚೀಟಿಯಲ್ಲಿ ಕಾಣದು. ಸಕ್ಕರೆಯಿಂದ ಒಂದು ಲೀಟರು ಎಥನಾಲ್ ಪಡೆಯಲು ಕಬ್ಬಿನ ಬೇಸಾಯದಲ್ಲಿ ಸುಮಾರು 2,860 ಲೀಟರು ನೀರು ಬೇಕೆಂದು ಅದೇ ವರದಿ ಲೆಕ್ಕ ಹಾಕಿದೆ. ಸೊಲ್ಲಾಪುರ, ವಿಜಯಪುರ, ಕಲಬುರಗಿಗಳಂಥ ಬರಪೀಡಿತ ಸೀಮೆಯಿಂದ ಹೊಟ್ಟೆಪಾಡಿಗಾಗಿ ಪುಣೆಗೆ ಬಂದವರಿಗೆ ಈ ಅಂಕಿಯ ಅರ್ಥವನ್ನು ವಿವರಿಸಬೇಕಾಗಿಲ್ಲ. ಮಳೆ ಕೈಕೊಟ್ಟರೆ ಈ ಇಂಧನವೂ ಕೈಕೊಡುತ್ತದೆ: 2023ರ ಡಿಸೆಂಬರಿನಲ್ಲಿ ಕಬ್ಬಿನ ಇಳುವರಿ ಕುಂದುವ ಸೂಚನೆ ಕಂಡಾಗ ಕೇಂದ್ರ ಸರ್ಕಾರವು ಕಬ್ಬಿನ ಹಾಲಿನಿಂದ ಎಥನಾಲ್ ತಯಾರಿಸುವುದಕ್ಕೆ ಕಡಿವಾಣ ಹಾಕಬೇಕಾಯಿತು. ಕೊಲ್ಲಿಯ ಯುದ್ಧದ ಬದಲು ಮುಂಗಾರಿನ ಮುನಿಸು, ಅವಲಂಬನೆ ತಪ್ಪಿದಂತಾಗಲಿಲ್ಲ.

ನೈಸರ್ಗಿಕ ಅನಿಲ

ಸಿ.ಎನ್.ಜಿ. ಎಂದು ಕರೆಯುವ ಒತ್ತಿದ ನೈಸರ್ಗಿಕ ಅನಿಲವು ಪುಣೆಯ ಜನರಿಗೆ ಈಗ ಚಿರಪರಿಚಿತ. 2006ರಲ್ಲಿ ಸ್ಥಾಪಿತವಾದ ಮಹಾರಾಷ್ಟ್ರ ನ್ಯಾಚುರಲ್ ಗ್ಯಾಸ್ ಕಂಪನಿಯು ನಗರಕ್ಕೆ ಇದನ್ನು ಒದಗಿಸುತ್ತಿದೆ. ನಗರದ ರಿಕ್ಷಾಗಳೂ, ಪುಣೆ ಮಹಾನಗರ ಪರಿವಹನ ಮಹಾಮಂಡಳದ ಬಹುಪಾಲು ಬಸ್ಸುಗಳೂ ಇದಕ್ಕೆ ಪರಿವರ್ತಿತವಾದವು. 2024ರ ಜುಲೈಯಲ್ಲಿ ಬಜಾಜ್ ಸಂಸ್ಥೆಯು ಸಿ.ಎನ್.ಜಿ.ಯಿಂದ ಓಡುವ ಮೋಟಾರ್ ಸೈಕಲ್ಲನ್ನು ಪುಣೆಯಲ್ಲಿಯೇ ಬಿಡುಗಡೆ ಮಾಡಿತು. ಅದರಲ್ಲಿ 2 ಕೆ.ಜಿ. ಅನಿಲದ ಸಿಲಿಂಡರಿನ ಜೊತೆಗೆ 2 ಲೀಟರು ಪೆಟ್ರೋಲಿನ ಪುಟ್ಟ ಟ್ಯಾಂಕೂ ಇದೆ.

ಈ ಅನಿಲದ ಮುಖ್ಯಾಂಶ ಮೀಥೇನ್. ಇದು ಗಾಳಿಗಿಂತ ಹಗುರ. ಸೋರಿದರೆ ಮೇಲೇರಿ ಚದುರಿಹೋಗುತ್ತದೆ. ಅಡುಗೆಮನೆಯ ಎಲ್.ಪಿ.ಜಿ. ಗಾಳಿಗಿಂತ ಭಾರವಾದುದರಿಂದ ನೆಲದ ಮೇಲೆಯೇ ಕೂಡಿಕೊಂಡು ಒಂದು ಕಿಡಿಗಾಗಿ ಕಾಯುತ್ತದೆ. ಅಡುಗೆಯ ಸಿಲಿಂಡರನ್ನು ಕಾರಿಗೆ ಜೋಡಿಸಿ ಹಣ ಉಳಿಸುವ ಕಳ್ಳದಾರಿ ಕಾನೂನಿಗೆ ವಿರುದ್ಧವಷ್ಟೇ ಅಲ್ಲದೆ ಪ್ರಾಣಕ್ಕೂ ಸಂಚಕಾರ. ಸಿ.ಎನ್.ಜಿ. ಸಿಲಿಂಡರಿನಲ್ಲಿ ಅನಿಲವು ವಾತಾವರಣದ ಒತ್ತಡದ ಸುಮಾರು ಇನ್ನೂರು ಪಟ್ಟು ಒತ್ತಡದಲ್ಲಿರುವುದರಿಂದ ಅದನ್ನು ಮೂರು ವರ್ಷಕ್ಕೊಮ್ಮೆ ನೀರಿನ ಒತ್ತಡದ ಪರೀಕ್ಷೆಗೆ ಒಳಪಡಿಸಲೇಬೇಕು. ಹಳೆಯ ಕಾರನ್ನು ಕೊಳ್ಳುವವರು ಮೊದಲು ಕೇಳಬೇಕಾದುದು ಈ ಪರೀಕ್ಷೆಯ ಪ್ರಮಾಣಪತ್ರವನ್ನು.

ಅನಿಲ ಸದಾ ಅಗ್ಗವಾಗಿಯೇ ಇರುವುದೆಂದು ನಂಬುವಂತಿಲ್ಲ. 2022ರ ಏಪ್ರಿಲ್ 1ರಂದು ಮಹಾರಾಷ್ಟ್ರವು ಸಿ.ಎನ್.ಜಿ. ಮೇಲಿನ ತೆರಿಗೆಯನ್ನು ಶೇಕಡಾ 13.5ರಿಂದ 3ಕ್ಕೆ ಇಳಿಸಿದಾಗ ಪುಣೆಯಲ್ಲಿ ಬೆಲೆ ಕೆ.ಜಿ.ಗೆ ಆರು ರೂಪಾಯಿಯಷ್ಟು ಇಳಿಯಿತು. ಆದರೆ ಭಾರತವು ತನಗೆ ಬೇಕಾದ ಅನಿಲದಲ್ಲಿ ಸುಮಾರು ಅರ್ಧವನ್ನು ಹೊರಗಿನಿಂದಲೇ ತರಿಸುತ್ತದೆ. ಯುಕ್ರೇನ್ ಯುದ್ಧದಿಂದ ಲೋಕದ ಅನಿಲ ದುಬಾರಿಯಾಗಿ, ಅದೇ ವರ್ಷದ ಆಗಸ್ಟಿನ ವೇಳೆಗೆ ಪುಣೆಯ ಬೆಲೆ ಕೆ.ಜಿ.ಗೆ ರೂ. 90ನ್ನು ದಾಟಿತು. ತೆರಿಗೆಯ ವಿನಾಯಿತಿ ಕೊಟ್ಟುದನ್ನು ಮಾರುಕಟ್ಟೆ ನಾಲ್ಕೇ ತಿಂಗಳಲ್ಲಿ ಕಸಿದುಕೊಂಡಿತು. ಇದಲ್ಲದೆ ಬಂಕಿನ ಮುಂದಿನ ಸಾಲು ಇನ್ನೊಂದು ವೆಚ್ಚ. ದಿನಗೂಲಿಯಂತೆ ದುಡಿಯುವ ರಿಕ್ಷಾ ಚಾಲಕನಿಗೆ ಸಾಲಿನಲ್ಲಿ ಕಳೆದ ಒಂದು ಗಂಟೆ ಒಂದು ಗಂಟೆಯ ಗಳಿಕೆಯೇ ಸರಿ.

ವಿದ್ಯುತ್ತಿನ ವಾಹನ

ವಿದ್ಯುತ್ ಕಾರಿನ ವಿಚಾರದಲ್ಲಿ ಕನ್ನಡನಾಡು ಹಿರಿಯಣ್ಣನೆನ್ನಬಹುದು. ಬೆಂಗಳೂರಿನಲ್ಲಿ ತಯಾರಾದ 'ರೇವಾ' ಎಂಬ ಪುಟ್ಟ ಕಾರು 2001ರಲ್ಲಿಯೇ ರಸ್ತೆಗಿಳಿದಿತ್ತು. 2020ರ ಜನವರಿಯಲ್ಲಿ ಚೇತಕ್ ಹೆಸರಿನ ವಿದ್ಯುತ್ ಸ್ಕೂಟರು ಬಂದಾಗ ಅದನ್ನು ಮೊದಲು ಮಾರಿದುದು ಪುಣೆ ಮತ್ತು ಬೆಂಗಳೂರು ಎರಡೇ ನಗರಗಳಲ್ಲಿ. ಪುಣೆಯ ರಸ್ತೆಗಳಲ್ಲಿ 2019ರ ಫೆಬ್ರವರಿಯಿಂದ ವಿದ್ಯುತ್ ಬಸ್ಸುಗಳೂ ಓಡುತ್ತಿವೆ.

ಪೆಟ್ರೋಲ್ ಎಂಜಿನ್ನಿನಲ್ಲಿ ಇಂಧನದ ಶಕ್ತಿಯ ಬಹುಭಾಗ ಶಾಖವಾಗಿ ವ್ಯರ್ಥವಾಗುತ್ತದೆ. ವಿದ್ಯುತ್ ಮೋಟಾರಿನಲ್ಲಿ ಬಹುಭಾಗ ಚಕ್ರಕ್ಕೆ ತಲುಪುತ್ತದೆ. ಓಡಿಸುವ ಖರ್ಚು ಕಡಿಮೆಯಾಗುವುದರ ರಹಸ್ಯವಿದು. ಆದರೆ ಅಗ್ಗದ ಇಂಧನವನ್ನು ತುಂಬಿಕೊಳ್ಳುವ ಪಾತ್ರೆ, ಎಂದರೆ ಬ್ಯಾಟರಿ, ದುಬಾರಿ. ಅದು ವರ್ಷ ಕಳೆದಂತೆ ಶಕ್ತಿಗುಂದುತ್ತದೆ. ಬದಲಾಯಿಸಬೇಕಾಗಿ ಬಂದರೆ ವಾಹನದ ಬೆಲೆಯಲ್ಲಿ ದೊಡ್ಡ ಪಾಲು ಮತ್ತೆ ತೆರಬೇಕಾಗುತ್ತದೆ. ಆದುದರಿಂದ ಖಾತರಿಯ ಅವಧಿ ಎಷ್ಟು ವರ್ಷ, ಎಷ್ಟು ಕಿಲೋಮೀಟರು, ಶಕ್ತಿಯು ಶೇಕಡಾ ಎಷ್ಟಕ್ಕೆ ಇಳಿದರೆ ಖಾತರಿ ಅನ್ವಯಿಸುತ್ತದೆ ಎಂಬ ಮೂರು ಅಂಶಗಳನ್ನು ಬರಹದಲ್ಲಿ ಓದಿಯೇ ಸಹಿ ಹಾಕಬೇಕು.

2022ರ ಬೇಸಿಗೆಯಲ್ಲಿ ಪುಣೆಯೂ ಸೇರಿದಂತೆ ಹಲವೆಡೆ ವಿದ್ಯುತ್ ಸ್ಕೂಟರುಗಳಿಗೆ ಬೆಂಕಿ ಹತ್ತಿಕೊಂಡ ಸುದ್ದಿಗಳು ಜನರನ್ನು ಕಂಗೆಡಿಸಿದವು. ಇದರ ತರುವಾಯ ಬ್ಯಾಟರಿಯ ಸುರಕ್ಷತೆಯ ನಿಯಮಗಳನ್ನು ಸರ್ಕಾರ ಬಿಗಿಗೊಳಿಸಿ, ಡಿಸೆಂಬರ್ 2022 ಮತ್ತು ಮಾರ್ಚ್ 2023ರಿಂದ ಎರಡು ಹಂತಗಳಲ್ಲಿ ಜಾರಿಗೆ ತಂದಿತು. ಇಂಥ ವಾಹನಮಾನಕಗಳನ್ನು ಪ್ರಕಟಿಸುವ, ವಾಹನಗಳನ್ನು ಪರೀಕ್ಷಿಸಿ ಪ್ರಮಾಣಪತ್ರ ನೀಡುವ ಎ.ಆರ್.ಎ.ಐ. ಸಂಸ್ಥೆಯು ಪುಣೆಯ ವೇತಾಳ ಟೇಕಡಿಯ ಮೇಲೆಯೇ ಇದೆ. ನಿಯಮ ಎಷ್ಟೇ ಬಿಗಿಯಾಗಿದ್ದರೂ ಮನೆಯವರ ಎಚ್ಚರ ಅಗತ್ಯ. ಮಹಡಿಯ ಮೆಟ್ಟಿಲಿನ ಬುಡದಲ್ಲಿ, ಹೊರಹೋಗುವ ಏಕೈಕ ದಾರಿಯಲ್ಲಿ ವಾಹನವನ್ನು ಚಾರ್ಜಿಗೆ ಇಡಬಾರದು. ಬೇರೆ ವಾಹನದ ಚಾರ್ಜರು, ಸಡಿಲವಾದ ಪ್ಲಗ್ಗು, ಮನೆಯ ಕಿಟಕಿಯಿಂದ ಇಳಿಬಿಟ್ಟ ತೆಳುವಾದ ತಂತಿ ಇವು ವರ್ಜ್ಯ.

ಇನ್ನು ಜಲಜನಕ. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ ಮತ್ತು ಕೆ.ಪಿ.ಐ.ಟಿ. ಸಂಸ್ಥೆಗಳ ಸಹಯೋಗದಿಂದ 2020ರಲ್ಲಿ ಜಲಜನಕದ ಕಾರೊಂದರ ಪ್ರಯೋಗ ನಡೆಯಿತು. 2022ರ ಆಗಸ್ಟಿನಲ್ಲಿ ಬಸ್ಸೊಂದನ್ನು ಪ್ರದರ್ಶಿಸಲಾಯಿತು. ಹೊಗೆಕೊಳವೆಯಿಂದ ಹೊರಬರುವುದು ನೀರಿನ ಆವಿ ಮಾತ್ರ. ಆದರೆ ಜಲಜನಕವನ್ನು ತಯಾರಿಸುವ, ಶೇಖರಿಸುವ, ಸಾಗಿಸುವ ವೆಚ್ಚ ಗೃಹಸ್ಥನ ಕೈಗೆಟುಕುವ ದಿನ ಸಮೀಪದಲ್ಲಿಲ್ಲ.

ಕಿಲೋಮೀಟರಿನ ಲೆಕ್ಕ

ಲೀಟರು, ಕೆ.ಜಿ., ಯೂನಿಟ್ಟು ಇವು ಬೇರೆ ಬೇರೆ ಅಳತೆಗಳು. ಇವನ್ನು ಹೋಲಿಸಲು ಒಂದೇ ಮಾರ್ಗ: ಕಿಲೋಮೀಟರಿಗೆ ತಗಲುವ ಖರ್ಚು. ಅದರ ಜೊತೆಗೆ ಹೆಚ್ಚುವರಿ ಬಂಡವಾಳದ ಬಡ್ಡಿಯನ್ನೂ ಸೇರಿಸಬೇಕು. ಸಾಲ ಮಾಡಿದರೆ ಬಡ್ಡಿಯನ್ನು ಬ್ಯಾಂಕಿಗೆ ತೆರಬೇಕು. ಕೈಯಲ್ಲಿದ್ದ ಹಣ ಹಾಕಿದರೆ ಬರಬೇಕಾಗಿದ್ದ ಬಡ್ಡಿ ತಪ್ಪುತ್ತದೆ. ಕೆಳಗಿನ ಅಂಕಿಗಳು ಉದಾಹರಣೆಗಾಗಿ ಇಟ್ಟುಕೊಂಡವು. ವಾಚಕರು ತಮ್ಮ ತಮ್ಮ ಅಂಕಿಗಳನ್ನು ಇವುಗಳ ಸ್ಥಾನದಲ್ಲಿರಿಸಿ ಲೆಕ್ಕ ಹಾಕಿಕೊಳ್ಳಬಹುದು.

ಪೆಟ್ರೋಲಿನ ಸ್ಕೂಟರು ಲೀಟರಿಗೆ 50 ಕಿ.ಮೀ. ಓಡುತ್ತದೆ, ಪೆಟ್ರೋಲು ರೂ. 105 ಎಂದಾದರೆ ಕಿ.ಮೀ.ಗೆ ರೂ. 2.10. ವಿದ್ಯುತ್ ಸ್ಕೂಟರಿಗೆ ಚಾರ್ಜಿನ ನಷ್ಟವೂ ಸೇರಿ 100 ಕಿ.ಮೀ.ಗೆ 4 ಯೂನಿಟ್ಟು, ಯೂನಿಟ್ಟಿಗೆ ರೂ. 12 ಎಂದಾದರೆ ಕಿ.ಮೀ.ಗೆ 48 ಪೈಸೆ. ಉಳಿತಾಯ ಕಿ.ಮೀ.ಗೆ ರೂ. 1.62. ವಿದ್ಯುತ್ ಸ್ಕೂಟರಿಗೆ ರೂ. 40,000 ಹೆಚ್ಚು ಕೊಡಬೇಕು, ಬಡ್ಡಿ ಶೇಕಡಾ 9, ವರ್ಷದಲ್ಲಿ 300 ದಿನ ಓಡಾಟ ಎಂದು ಇಟ್ಟುಕೊಂಡು ಮೂರು ಮನೆಗಳನ್ನು ನೋಡಬಹುದು.

ಮೊದಲನೆಯದು, ದಿನಕ್ಕೆ 50 ಕಿ.ಮೀ. ತಿರುಗುವ, ಮನೆಮನೆಗೆ ಸಾಮಾನು ಮುಟ್ಟಿಸುವ ತರುಣನ ಮನೆ. ವರ್ಷದ ಉಳಿತಾಯ ರೂ. 24,300. ಬಡ್ಡಿಸಹಿತ ಹೆಚ್ಚುವರಿ ಹಣವು ಎರಡನೆಯ ವರ್ಷದೊಳಗೇ ತೀರುತ್ತದೆ. ಎರಡನೆಯದು, ದಿನಕ್ಕೆ 20 ಕಿ.ಮೀ. ಹೋಗಿಬರುವ ಕಚೇರಿ ನೌಕರನದು. ವರ್ಷದ ಉಳಿತಾಯ ರೂ. 9,720. ಇವನ ಹಣ ತೀರುವುದು ಐದು ವರ್ಷ ಮುಗಿದು ಆರನೆಯ ವರ್ಷದ ಮಧ್ಯಕ್ಕೆ. ಬ್ಯಾಟರಿಯ ಖಾತರಿಯು ಅಷ್ಟು ಕಾಲ ಇದೆಯೇ ಎಂಬುದರ ಮೇಲೆ ಇವನ ಲಾಭನಷ್ಟ ನಿಂತಿದೆ. ಮೂರನೆಯದು, ಸಂತೆ, ದೇವಸ್ಥಾನ, ದವಾಖಾನೆಗಳಿಗೆಂದು ದಿನಕ್ಕೆ 6 ಕಿ.ಮೀ. ಓಡಿಸುವ ನಿವೃತ್ತರ ಮನೆ. ವರ್ಷದ ಉಳಿತಾಯ ರೂ. 2,916, ಆದರೆ ರೂ. 40,000ಕ್ಕೆ ವರ್ಷದ ಬಡ್ಡಿಯೇ ರೂ. 3,600. ಈ ಮನೆಯಲ್ಲಿ ಹೆಚ್ಚುವರಿ ಹಣ ಎಂದೆಂದಿಗೂ ಮರಳದು. ಒಂದೇ ಸ್ಕೂಟರು, ಒಂದೇ ಬೆಲೆ. ಒಬ್ಬರಿಗೆ ವರ, ಇನ್ನೊಬ್ಬರಿಗೆ ಹೊರೆ.

ಸಿ.ಎನ್.ಜಿ. ಕಾರಿನ ಲೆಕ್ಕವೂ ಇದೇ ಜಾಡಿನದು. ಪೆಟ್ರೋಲಿನಲ್ಲಿ ಲೀಟರಿಗೆ 18 ಕಿ.ಮೀ. ಎಂದಾದರೆ ಕಿ.ಮೀ.ಗೆ ರೂ. 5.83, ಅನಿಲ ರೂ. 90ಕ್ಕೆ 25 ಕಿ.ಮೀ. ಎಂದಾದರೆ ರೂ. 3.60. ಕಾರಿಗೆ ರೂ. 90,000 ಹೆಚ್ಚು ಕೊಟ್ಟವರು ವರ್ಷಕ್ಕೆ 12,000 ಕಿ.ಮೀ. ಓಡಿಸಿದರೆ ನಾಲ್ಕು ವರ್ಷ ಕಳೆದು ಕೆಲವೇ ತಿಂಗಳಲ್ಲಿ ಹಣ ತೀರುತ್ತದೆ. ಭಾನುವಾರದ ಸುತ್ತಾಟಕ್ಕೂ ವರ್ಷಕ್ಕೊಮ್ಮೆ ಊರ ಜಾತ್ರೆಗೂ ಎಂದು 5,000 ಕಿ.ಮೀ. ಮಾತ್ರ ಓಡಿಸುವವರಿಗೆ ಹದಿನೈದು ವರ್ಷ ಬೇಕು. ಖಾಸಗಿ ಕಾರಿನ ಮೊದಲ ನೋಂದಣಿಯ ಅವಧಿಯೂ ಹದಿನೈದೇ ವರ್ಷ. ಎಂದರೆ ಲಾಭ ಆರಂಭವಾಗುವ ದಿನ ಕಾರಿನ ನೋಂದಣಿ ಮುಗಿದಿರುತ್ತದೆ.

ಎಥನಾಲಿನ ಪರಿಣಾಮವನ್ನೂ ಇದೇ ಕ್ರಮದಲ್ಲಿ ತೂಗಬಹುದು. ಸ್ಕೂಟರಿನ ಮೈಲೇಜು ಶೇಕಡಾ 3ರಷ್ಟು ಕುಗ್ಗಿದರೆ ಮೇಲಿನ ಕಚೇರಿ ನೌಕರನಿಗೆ ವರ್ಷಕ್ಕೆ ಸುಮಾರು 390 ರೂಪಾಯಿ ಹೆಚ್ಚು ತಗಲುತ್ತದೆ. ಸಿಟ್ಟಿಗೆ ಇದು ಸಾಕು, ಹೊಸ ವಾಹನ ಕೊಳ್ಳುವುದಕ್ಕೆ ಸಾಲದು.

ಆರೋಗ್ಯದ ಖಾತೆ

ಬಂಕಿನಲ್ಲಿ ತೆರದ ಬೆಲೆಯೊಂದನ್ನು ಆಸ್ಪತ್ರೆಯಲ್ಲಿ ತೆರಬೇಕಾಗುತ್ತದೆ. ವಾಹನದ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್, ಸಾರಜನಕದ ಆಕ್ಸೈಡುಗಳು, ಬೆಂಜೀನ್ ಹಾಗೂ ಶ್ವಾಸಕೋಶದ ಆಳಕ್ಕೆ ಇಳಿಯುವ ಅತಿಸೂಕ್ಷ್ಮ ಕಣಗಳು ಇರುತ್ತವೆ. ಡೀಸೆಲ್ ಹೊಗೆಯು ಮನುಷ್ಯರಲ್ಲಿ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2012ರಲ್ಲಿ ನಿರ್ಣಯಿಸಿತು. ಮಕ್ಕಳ ಮೆದುಳಿನ ಬೆಳವಣಿಗೆಗೆ ಮಾರಕವಾದ ಸೀಸವನ್ನು ಭಾರತದ ಪೆಟ್ರೋಲಿನಿಂದ 2000ದ ಫೆಬ್ರವರಿಯಲ್ಲಿ ತೆಗೆದುಹಾಕಲಾಯಿತು. 2020ರ ಏಪ್ರಿಲಿನಿಂದ ಇಂಧನದಲ್ಲಿನ ಗಂಧಕದ ಪ್ರಮಾಣವನ್ನು ಹತ್ತು ಲಕ್ಷದಲ್ಲಿ 50 ಭಾಗದಿಂದ 10 ಭಾಗಕ್ಕೆ ತಗ್ಗಿಸಲಾಯಿತು. ಈ ಎರಡೂ ಕ್ರಮಗಳು ಸದ್ದಿಲ್ಲದೆ ಜನರ ಆಯುಷ್ಯವನ್ನು ಕಾಪಾಡುತ್ತಿವೆ.

ಸಿ.ಎನ್.ಜಿ.ಯಲ್ಲಿ ಮಸಿಯ ಕಣಗಳು ಬಹಳ ಕಡಿಮೆ. ವಿದ್ಯುತ್ ವಾಹನದಿಂದ ರಸ್ತೆಯಲ್ಲಿ ಹೊಗೆಯೇ ಇಲ್ಲ. ಆದರೆ ದೇಶದ ವಿದ್ಯುತ್ತಿನ ಬಹುಪಾಲು ಕಲ್ಲಿದ್ದಲಿನಿಂದ ಬರುವುದರಿಂದ ಹೊಗೆಯು ನಗರದಿಂದ ವಿದ್ಯುತ್ ಸ್ಥಾವರದ ಆಸುಪಾಸಿಗೆ ಸ್ಥಳಾಂತರವಾಗುತ್ತದೆಂಬುದನ್ನು ಮರೆಯಲಾಗದು. ದಿನದ ಎರಡು ಗಂಟೆಯನ್ನು ಸ್ಕೂಟರಿನ ಮೇಲೆ ಕಳೆಯುವವನು ಯಾವ ಇಂಧನವನ್ನು ಬಳಸಿದರೂ ಮುಂದಿನ ವಾಹನದ ಹೊಗೆಯನ್ನು ಕುಡಿಯುತ್ತಾನೆ. ಆದ್ದರಿಂದ ವಾಹನ ಬದಲಿಸುವುದಕ್ಕಿಂತ ಸವಾರಿಯನ್ನೇ ಕಡಿಮೆ ಮಾಡುವುದು ಶ್ವಾಸಕೋಶಕ್ಕೂ ಜೇಬಿಗೂ ಹೆಚ್ಚು ಹಿತ. 2022ರ ಮಾರ್ಚಿನಲ್ಲಿ ಆರಂಭವಾದ ಮೆಟ್ರೋ, ನಗರದ ಬಸ್ಸು, ನೆರೆಹೊರೆಯವರು ಕೂಡಿ ಒಂದೇ ಕಾರಿನಲ್ಲಿ ಹೋಗುವ ಪರಿಪಾಠ, ಎರಡು ಕಿ.ಮೀ. ಒಳಗಿನ ಕೆಲಸಕ್ಕೆ ಕಾಲ್ನಡಿಗೆ ಅಥವಾ ಸೈಕಲ್ಲು ಇವಕ್ಕೆ ಹೊಸ ಬಂಡವಾಳ ಬೇಡ, ಬಡ್ಡಿಯೂ ಇಲ್ಲ.

ಇರುವ ವಾಹನವನ್ನೇ ಚೆನ್ನಾಗಿಟ್ಟುಕೊಳ್ಳುವುದು ಅತ್ಯಂತ ಅಗ್ಗದ ಬದಲಿ ಇಂಧನವೆಂದರೆ ತಪ್ಪಾಗದು. ಟಯರಿನ ಗಾಳಿಯನ್ನು ಹದಿನೈದು ದಿನಕ್ಕೊಮ್ಮೆ ನೋಡುವುದು, ಗಾಳಿಯ ಫಿಲ್ಟರನ್ನು ಸಕಾಲಕ್ಕೆ ಶುಚಿಗೊಳಿಸುವುದು, ದೀರ್ಘ ಸಿಗ್ನಲ್ಲಿನಲ್ಲಿ ಎಂಜಿನ್ನು ಆರಿಸುವುದು, ಹದವಾದ ಒಂದೇ ವೇಗದಲ್ಲಿ ಓಡಿಸುವುದು ಎಲ್ಲರ ಕೈಯಲ್ಲಿರುವ ಉಪಾಯಗಳು.

ಪೆಟ್ರೋಲಿನ ಬೆಲೆಯನ್ನು ನಿರ್ಧರಿಸುವ ಶಕ್ತಿಗಳು ಗೃಹಸ್ಥನ ಕೈಮೀರಿದವು. ಬದಲಿ ಇಂಧನಗಳಲ್ಲಿಯೂ ಮಳೆಯ, ಯುದ್ಧದ, ತೆರಿಗೆಯ ಹಂಗಿಲ್ಲದುದು ಯಾವುದೂ ಇಲ್ಲ. ಕೈಯಲ್ಲಿರುವುದು ಲೆಕ್ಕ ಮಾತ್ರ. ಹೊಸ ವಾಹನದ ಅಂಗಡಿಗೆ ಹೋಗುವ ಮುನ್ನ ಒಂದು ತಿಂಗಳ ಕಾಲ ದಿನವೂ ಓಡಿದ ಕಿಲೋಮೀಟರನ್ನು ಬರೆದಿಟ್ಟರೆ, ಯಾವ ಜಾಹೀರಾತೂ ಹೇಳದ ಸತ್ಯವನ್ನು ಆ ಒಂದು ಹಾಳೆ ಹೇಳುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚೆಂದ ಹಿರಿಯರ ಮಾತು ಇಂದಿಗೂ ಸಲ್ಲುತ್ತದೆ. ಹಾಸಿಗೆಯ ಉದ್ದವನ್ನು ಮೊದಲು ಅಳೆದುಕೊಳ್ಳಬೇಕು, ಅಷ್ಟೆ.